ಭಾನುವಾರ ಸತ್ತ ಮೀನುಗಳು

ಕಸಾರಾ ಘಾಟ್ ಇಳಿಯದೆ ನಾಶಿಕ್‌ನವರಿಗೆ ಸಮುದ್ರ ಸಿಗುವುದಿಲ್ಲ. ಛತ್ರಪತಿ ಸಂಭಾಜಿನಗರದವರಿಗೆ ಅದು ಇನ್ನೂ ದೂರ. ಸಮುದ್ರದಲ್ಲಿ ಚೆಲ್ಲಿದ ಎಣ್ಣೆಯನ್ನು ಚೆದುರಿಸುವ ದ್ರವಗಳ ವಿಷಪರೀಕ್ಷೆಯನ್ನು ಈ ಎರಡು ಊರುಗಳ ನಡುವೆ ಓಡಾಡಿಕೊಂಡು ಮಾಡಿದ್ದೇನೆ ಅಂದರೆ ನಗುವವರೇ ಹೆಚ್ಚು. ಪಾನೇವಾಡಿ ನೋಡಿದವರು ಮಾತ್ರ ನಗುವುದಿಲ್ಲ. ನಾಶಿಕ್ ಜಿಲ್ಲೆಯ ಮನ್ಮಾಡ್ ಪಕ್ಕದ ಆ ಹಳ್ಳಿಯಲ್ಲಿ ತೈಲ ಕಂಪನಿಗಳ ಡಿಪೊಗಳಿವೆ. ಮುಂಬಯಿಯಿಂದ ಕೊಳವೆಯಲ್ಲಿ ಹರಿದು ಬಂದ ಪೆಟ್ರೋಲು, ಡೀಸೆಲ್ಲು ಅಲ್ಲಿ ಟ್ಯಾಂಕರ್ ಹತ್ತುತ್ತವೆ. 2011ರ ಜನವರಿ 25ರಂದು ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಕಲಬೆರಕೆ ದಂಧೆಯವರು ಸುಟ್ಟು ಕೊಂದದ್ದು ಅದೇ ಪರಿಸರದಲ್ಲಿ. ಟ್ಯಾಂಕರ್ ಓಡುವ ಕಡೆ ಟ್ಯಾಂಕರ್ ಉರುಳುವುದೂ ಉಂಟು. ಉರುಳಿದ ಮೇಲೆ ರಸ್ತೆ ತೊಳೆಯುತ್ತಾರೆ, ತೊಳೆದ ನೀರು ಹಳ್ಳ ಸೇರುತ್ತದೆ, ಆ ಕಡೆಯ ಹಳ್ಳಗಳಿಗೆ ನದಿ ಬಿಟ್ಟರೆ ಬೇರೆ ದಾರಿಯಿಲ್ಲ.

ಹಾಗೆ ತೊಳೆಯಲೆಂದು ಮಾರುವ ಒಂದು ದ್ರವ ನನ್ನ ಮೇಜಿಗೆ ಬಂತು. ಡಿಸ್ಪರ್ಸೆಂಟ್ ಅಂದರೆ ಬಹುಮಟ್ಟಿಗೆ ಸೋಪಿನ ಜಾತಿಯದೇ. ಒಂದು ತುದಿ ಎಣ್ಣೆಗೆ, ಇನ್ನೊಂದು ತುದಿ ನೀರಿಗೆ ಅಂಟುವ ಅಣುಗಳನ್ನು ಒಂದು ದ್ರಾವಕದಲ್ಲಿ ಬೆರೆಸಿರುತ್ತಾರೆ. ಅದು ಬಿದ್ದಾಗ ಎಣ್ಣೆಯ ಪದರ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರೊಳಗೆ ಇಳಿಯುತ್ತದೆ. ಎಣ್ಣೆ ಎಲ್ಲಿಗೂ ಹೋಗಿರುವುದಿಲ್ಲ, ನಮಗೆ ಕಾಣುವುದು ನಿಂತಿರುತ್ತದೆ ಅಷ್ಟೆ. ಮಾರಾಟಕ್ಕೆ ಬಂದವರು ಬಾಟಲಿ ಇಟ್ಟು, 'ಇದು ಸಮುದ್ರಕ್ಕೆ ಹಾಕುವ ಮಾಲು ಮ್ಯಾಡಂ, ಮೀನಿಗೆ ಏನೂ ಆಗಲ್ಲ, ಒಂದು ಸರ್ಟಿಫಿಕೇಟ್ ಕೊಟ್ಟುಬಿಡಿ' ಅಂದರು. ಆ ಸರ್ಟಿಫಿಕೇಟಿನ ಹಿಂದೆ ಬಿದ್ದು ನಾನು ಕಲಿತದ್ದು, ಅದಕ್ಕಿಂತ ಹೆಚ್ಚಾಗಿ ಕಲಿಯದೆ ಕೆಡಿಸಿದ್ದು, ಇಲ್ಲಿದೆ.

1. ಮೊದಲು ನೀರನ್ನು ಪರೀಕ್ಷಿಸಿ

ನನ್ನ ಮೊದಲ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಂಚೆ ಸತ್ತದ್ದು ಏನೂ ಹಾಕದ ತೊಟ್ಟಿಯ ಮೀನುಗಳು. ಕಂಟ್ರೋಲ್ ಅನ್ನುತ್ತೇವಲ್ಲ, ಅದೇ. ವಿಷ ಹಾಕಿದ ತೊಟ್ಟಿಯಲ್ಲಿ ಎರಡು ಸತ್ತರೆ ಬರೀ ನೀರಿನ ತೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು. ನಾನು ಮೀನು ತಂದುಕೊಟ್ಟವರನ್ನು ಬೈದೆ, ತೊಟ್ಟಿಯ ಗಾಜಿನ ಅಂಟನ್ನು ಅನುಮಾನಿಸಿದೆ. ನಮ್ಮ ಲ್ಯಾಬಿನ ಮಾಮಾ (ಮಹಾರಾಷ್ಟ್ರದಲ್ಲಿ ಲ್ಯಾಬ್ ಸಹಾಯಕರು ಎಲ್ಲರಿಗೂ ಮಾಮಾನೇ) ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿ, 'ಮ್ಯಾಡಂ, ಇವತ್ತು ಔಷಧ ಜಾಸ್ತಿ ಹಾಕಿದ್ದಾರೆ' ಅಂದರು. ಕ್ಲೋರಿನ್! ಜಾಯಕವಾಡಿ ಅಣೆಕಟ್ಟಿನ ನಾಥಸಾಗರದಿಂದ ಸಂಭಾಜಿನಗರಕ್ಕೆ ಪಂಪ್ ಆಗಿ ಬರುವ ನೀರನ್ನು ಮನುಷ್ಯರಿಗಾಗಿ ಶುದ್ಧ ಮಾಡಿರುತ್ತಾರೆ, ಮೀನಿನ ಕಿವಿರಿಗೆ ಆ ಶುದ್ಧಿಯೇ ವಿಷ. ಅಂದಿನಿಂದ ಡ್ರಮ್ಮುಗಳಲ್ಲಿ ನೀರು ತುಂಬಿ, ಗಾಳಿ ಊದಿ, ಕ್ಲೋರಿನ್ ಹೋಯಿತೋ ಇಲ್ಲವೋ ನೋಡಿ, ಆಮೇಲೆ ಕೆಲಸ.

ಬೋರ್‌ವೆಲ್ ನೀರು ಬಳಸಿದರೆ ಈ ಕಾಟವಿಲ್ಲ ಅಂದುಕೊಂಡೆ. ದಖನ್ನಿನ ಕಪ್ಪುಕಲ್ಲಿನ ಅಡಿಯ ನೀರು ಎಷ್ಟು ಗಡಸು ಅಂದರೆ ಸೋಪು ನೊರೆಯೇ ಬರುವುದಿಲ್ಲ. ನಾನು ಪರೀಕ್ಷಿಸುತ್ತಿದ್ದದ್ದೂ ಸೋಪಿನ ಬಂಧುವನ್ನೇ. ನೀರಿನ ಗಡಸುತನ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎನ್ನುವುದು ಪುಸ್ತಕದಲ್ಲಿತ್ತು. ಆ ಪುಸ್ತಕ ನನ್ನ ಕಪಾಟಿನಲ್ಲೇ ಇತ್ತು.

2. ಮೀನಿಗೆ ಊರು ಹೊಂದಲು ದಿನ ಕೊಡಿ

ಪೈಠಣದ ಕಡೆಯಿಂದ ರೋಹು ಮರಿಗಳನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಿದ್ದೆ. ಡಿಸೆಂಬರಿನಲ್ಲಿ ಒಮ್ಮೆ ಹಾಗೇ ನಾಶಿಕ್‌ಗೆ ಒಯ್ದು, ಬಾಯಿ ಬಿಚ್ಚಿ, ಅಂಗಳದ ಸಿಮೆಂಟ್ ತೊಟ್ಟಿಗೆ ಸುರಿದೆ. ನಾಶಿಕ್‌ನ ಚಳಿ ಗೊತ್ತಿಲ್ಲದವರಿಗೆ ಹೇಳಬೇಕು: ಪಕ್ಕದ ನಿಫಾಡ್ ಕಡೆ ರಾತ್ರಿ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ, ದ್ರಾಕ್ಷಿ ಬೆಳೆಗಾರರು ಗೊನೆ ಉಳಿಸಿಕೊಳ್ಳಲು ತೋಟದಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಾರೆ. ಬೆಳಗ್ಗೆ ಮರಿಗಳು ತೊಟ್ಟಿಯ ಮೂಲೆಯಲ್ಲಿ ಹೊಟ್ಟೆ ಮೇಲಾಗಿ ಗುಡ್ಡೆಯಾಗಿದ್ದವು. ರೋಹು ಬೆಚ್ಚನೆ ನೀರಿನ ಮೀನು. ಚಳಿಯೇ ಅದನ್ನು ಕೊಲ್ಲುವಾಗ ನಾನು ಹಾಕುವ ದ್ರವಕ್ಕೆ ಕೊಲ್ಲಲು ಉಳಿದದ್ದೇನು?

ಆಮೇಲೆ ಸಾಮಾನ್ಯ ಗೆಂಡೆಗೆ ಬದಲಾದೆ. ಅದು ಸೆಕೆಗೂ ಸೈ, ಚಳಿಗೂ ಸೈ. ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ ಮಾತ್ರ ಇಳಿಸುವುದು, ಪರೀಕ್ಷೆಯ ನೀರಿನಲ್ಲೇ ಮೊದಲು ಕೆಲವು ದಿನ ಇರಿಸುವುದು ಅಭ್ಯಾಸವಾಯಿತು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಒಇಸಿಡಿ 203 ವಿಧಾನದ 1992ರ ಆವೃತ್ತಿಯಲ್ಲಿ ಇದಕ್ಕೆ ಕನಿಷ್ಠ 12 ದಿನ ಹೇಳಿದೆ. ಈ ಅವಧಿಯಲ್ಲಿ ಒಂದು ವಾರದೊಳಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೀನು ಸತ್ತರೆ ಇಡೀ ತಂಡವನ್ನೇ ಕೈಬಿಡಬೇಕು. ಮೀನು ಮಾರುವವರಿಗೆ ಈ ನಿಯಮ ವಿವರಿಸಿ ನೋಡಿ, ಆಗ ನಿಮ್ಮ ತಾಳ್ಮೆಯ ಪರೀಕ್ಷೆಯೂ ಆಗಿಬಿಡುತ್ತದೆ.

3. 96 ಗಂಟೆ ನಮ್ಮ ಅನುಕೂಲ, ಮೀನಿನದಲ್ಲ

ಈ ಪಾಠಕ್ಕೆ ಸ್ವಲ್ಪ ಜಾಗ ಬೇಕು.

ಸಂಭಾಜಿನಗರದಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ 96 ಗಂಟೆ ಮಂತ್ರವಿದ್ದ ಹಾಗೆ. 1958ರಲ್ಲಿ ಶುರುವಾದ ಮರಾಠವಾಡಾ ವಿಶ್ವವಿದ್ಯಾಲಯದ ಸುತ್ತ ಸಿಹಿನೀರಿನ ಮೀನು, ಏಡಿ, ಕಪ್ಪೆಚಿಪ್ಪುಗಳ ಮೇಲೆ ಕೀಟನಾಶಕ, ಲೋಹ, ಡಿಟರ್ಜೆಂಟ್ ಹಾಕಿ ಎಲ್‌ಸಿ-50 ಕಂಡುಹಿಡಿಯುವ ದೊಡ್ಡ ಪರಂಪರೆಯೇ ಇದೆ. ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವೇ ಎಲ್‌ಸಿ-50. ಸಂಖ್ಯೆ ದೊಡ್ಡದಾದಷ್ಟೂ ವಿಷ ಕಡಿಮೆ. ಸೋಮವಾರ ಬೆಳಗ್ಗೆ ಮೀನು ಬಿಟ್ಟರೆ ಶುಕ್ರವಾರ ಬೆಳಗ್ಗೆ ನಾಲ್ಕು ದಿನ. ಲೆಕ್ಕ ಬರೆದು, ತೊಟ್ಟಿ ತೊಳೆದು, ಶನಿವಾರ ಊರಿಗೆ ಹೋಗಬಹುದು.

ಒಂದು ಚಳಿಗಾಲದ ಪರೀಕ್ಷೆಯೂ ಹಾಗೇ ಮುಗಿಯಿತು. ಶುಕ್ರವಾರದ ಹೊತ್ತಿಗೆ ಎಲ್ಲಕ್ಕಿಂತ ಹೆಚ್ಚು ದ್ರವ ಹಾಕಿದ ತೊಟ್ಟಿಯಲ್ಲೂ ಗೆಂಡೆಗಳು ಬದುಕಿದ್ದವು. ಹಿಂದೆ ಬೇಸಿಗೆಯಲ್ಲಿ ಅಷ್ಟೇ ಪ್ರಮಾಣಕ್ಕೆ ಮೀನು ಸಾಲಾಗಿ ಉರುಳಿದ್ದನ್ನು ನೋಡಿದ್ದೆ. ತಣ್ಣೀರಿನಲ್ಲಿ ಇದು ನಿರಪಾಯ, ಎಷ್ಟು ಚೆಂದದ ಫಲಿತಾಂಶ ಅಂತ ಖುಷಿಯಾಗಿ ಸಂಜೆಯೇ ದ್ರವ ಕೊಟ್ಟ ಪಾರ್ಟಿಗೆ ಫೋನ್ ಮಾಡಿ ಹೇಳಿದೆ. ತೊಟ್ಟಿ ಖಾಲಿ ಮಾಡಲು ಸೋಮಾರಿತನ, ಸೋಮವಾರ ನೋಡೋಣ ಅಂತ ಬಿಟ್ಟು ಹೊರಟೆ. ಭಾನುವಾರ ಮಧ್ಯಾಹ್ನ ಮಾಮಾ ಫೋನ್. ಹಲೋ ಇಲ್ಲ, ನಮಸ್ಕಾರ ಇಲ್ಲ. 'ಮ್ಯಾಡಂ, ಮಾಸೇ ಮೇಲೇ.' ಮೀನು ಸತ್ತವು. ಎಲ್ಲವೂ ಅಲ್ಲ, ಆದರೆ ಹೆಚ್ಚು ದ್ರವ ಹಾಕಿದ ತೊಟ್ಟಿಗಳಿಂದ ಶುರುವಾಗಿ ಕ್ರಮವಾಗಿ ಕೆಳಗಿಳಿಯುತ್ತ ಸತ್ತಿದ್ದವು. ಪಠ್ಯಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಕಂಟ್ರೋಲಿನವು ಆರಾಮಾಗಿ ಓಡಾಡಿಕೊಂಡಿದ್ದವು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಮೀನಿನ ಮೈಬಿಸಿ ನೀರಿನದೇ ಬಿಸಿ. ನೀರು ತಣ್ಣಗಾದರೆ ಅದರ ಉಸಿರು ನಿಧಾನ, ಕಿವಿರು ದಾಟುವ ನೀರು ಕಡಿಮೆ, ಒಳಹೋಗುವ ರಾಸಾಯನಿಕವೂ ಕಡಿಮೆ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ: 30 ಡಿಗ್ರಿಯಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಸುಪಾಸು ಇದ್ದರೆ 10 ಡಿಗ್ರಿಯಲ್ಲಿ ಹನ್ನೊಂದರ ಮೇಲೆ. ಹಾಗಾಗಿ ಕಿವಿರು ಅರ್ಧ ಕೆಟ್ಟರೂ ಮೀನು ಹೇಗೋ ಎಳೆದುಕೊಂಡು ಹೋಗುತ್ತದೆ. ಆದರೆ ಒಳಹೋದದ್ದನ್ನು ಒಡೆದು ಹೊರಹಾಕುವ ಕೆಲಸವೂ ನಿಧಾನ, ನೀರಿನಲ್ಲಿ ಆ ದ್ರವವನ್ನು ತಿನ್ನಬೇಕಾದ ಬ್ಯಾಕ್ಟೀರಿಯಾಗಳೂ ನಿಧಾನ. ಸಾವು ತಪ್ಪಿರಲಿಲ್ಲ, ಮುಂದೆ ಹೋಗಿತ್ತು. ನಾನು ಅದನ್ನು ಸುರಕ್ಷತೆ ಅಂತ ಬರೆದುಕೊಂಡಿದ್ದೆ.

ನಿಜವಾದ ತಣ್ಣೀರಿನವರಿಗೆ ಇದು ಬಹಳ ಹಿಂದೆಯೇ ಗೊತ್ತು. ಅಂಟಾರ್ಕ್ಟಿಕದ ಸಣ್ಣ ಪ್ರಾಣಿಗಳ ಮೇಲೆ ಇಂಧನ ಪರೀಕ್ಷಿಸಿದ ಆಸ್ಟ್ರೇಲಿಯದ ವಿಜ್ಞಾನಿಗಳು ನಾಲ್ಕು ದಿನಕ್ಕೆ ನಿಲ್ಲಿಸದೆ ವಾರಗಟ್ಟಲೆ ಕಾದಿದ್ದಾರೆ. ಅಲಾಸ್ಕದ ಬ್ಯಾರೋದಲ್ಲಿ ಆರ್ಕ್‌ಟಿಕ್ ಕಾಡ್ ಮೀನು ಮತ್ತು ಅಲ್ಲಿನ ಕೋಪಿಪಾಡ್ ಎಂಬ ಸಣ್ಣ ಕಡಲಜೀವಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ, ಅವಧಿ ಸರಿಯಾಗಿ ಕೊಟ್ಟರೆ, ಆರ್ಕ್‌ಟಿಕ್ ಪ್ರಾಣಿಗಳ ಸೂಕ್ಷ್ಮತೆ ಸಮಶೀತೋಷ್ಣ ಕಡಲಿನವುಗಳಿಗೆ ಹೆಚ್ಚೂಕಡಿಮೆ ಸಮನಾಗಿಯೇ ಕಂಡಿತು. ಅಂದರೆ ಚಳಿಯ ಪ್ರಾಣಿ ಹೆಚ್ಚು ನಾಜೂಕು ಅಂತಲೂ ಅಲ್ಲ, ಗಟ್ಟಿ ಅಂತಲೂ ಅಲ್ಲ. ಅದರ ಗಡಿಯಾರ ಬೇರೆ. ನಾಶಿಕ್‌ನ ತಣ್ಣೀರು ಅವರಿಗೆ ಬೇಸಿಗೆಯ ನೀರು ಅನ್ನುವುದೂ ನನಗೆ ಗೊತ್ತಿದೆ. ನನ್ನ ತೊಟ್ಟಿಯ ಫಲಿತಾಂಶ ಹಿಡಿದು ಧ್ರುವದ ಮಾತಾಡುವ ಧೈರ್ಯ ನನಗಿಲ್ಲ. ಆದರೆ ದಿಕ್ಕು ಒಂದೇ.

ಸೋಮವಾರ ಪಾರ್ಟಿಗೆ ಮತ್ತೆ ಫೋನ್ ಮಾಡಿ, ಶುಕ್ರವಾರ ಹೇಳಿದ್ದು ಲೆಕ್ಕಕ್ಕಿಲ್ಲ ಅಂದೆ. ಆ ಸಂಭಾಷಣೆಯನ್ನು ಇಲ್ಲಿ ಬರೆಯುವುದಿಲ್ಲ.

4. ಸತ್ತಿದೆ ಅನ್ನುವ ಮುಂಚೆ ಮುಟ್ಟಿ ನೋಡಿ

ಚಳಿಯಲ್ಲಿ ಗೆಂಡೆ ತಳದಲ್ಲಿ ಕೂತುಬಿಡುತ್ತದೆ. ರೆಕ್ಕೆ ಆಡುವುದಿಲ್ಲ, ಕಣ್ಣು ತಿರುಗುವುದಿಲ್ಲ. ಒಂದು ರಾತ್ರಿ ಟಾರ್ಚ್ ಹಾಕಿ ನೋಡಿ ಹಾಗೆ ಕೂತ ಒಂದನ್ನು ಸತ್ತದ್ದೆಂದು ವಹಿಯಲ್ಲಿ ಬರೆದು, ಜಾಲರಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದೆ. ಬಕೆಟ್ಟಿನಲ್ಲಿ ಅದು ಪಟಪಟನೆ ಬಡಿದು ನೀರು ನನ್ನ ಮುಖಕ್ಕೆ ಹಾರಿತು. ನಿಯಮ ಸರಳ: ಕಿವಿರಿನ ಮುಚ್ಚಳ ಅಲುಗಬಾರದು, ಬಾಲದ ಬುಡ ಮುಟ್ಟಿದರೆ ಪ್ರತಿಕ್ರಿಯೆ ಇರಬಾರದು, ಆಗ ಮಾತ್ರ ಸಾವು. ಕೊನೆಗೆ ಗಾಜಿನ ಕಡ್ಡಿಯೊಂದನ್ನು ಅದಕ್ಕೇ ಮೀಸಲಿಟ್ಟೆ.

ಕಪ್ಪೆಚಿಪ್ಪಿನಲ್ಲಿ ಇದು ಉಲ್ಟಾ. ಗೋದಾವರಿ ಕೆಸರಿನ ಲ್ಯಾಮೆಲಿಡೆನ್ಸ್ ಜಾತಿಯ ಕಪ್ಪೆಚಿಪ್ಪುಗಳನ್ನು ದ್ರವದಲ್ಲಿ ಇಟ್ಟೆ. ನಾಲ್ಕು ದಿನ ಒಂದೂ ಸಾಯಲಿಲ್ಲ. ಇದೆಂಥ ಗಟ್ಟಿ ಪ್ರಾಣಿ ಅಂತ ಬೆರಗಾದೆ. ಗಟ್ಟಿಯೂ ಅಲ್ಲ ಏನೂ ಅಲ್ಲ, ನೀರು ರುಚಿಸದೆ ಚಿಪ್ಪು ಮುಚ್ಚಿಕೊಂಡು ಕೂತಿದ್ದವು. ತಣ್ಣಗಿದ್ದರೆ ಆ ಮುಷ್ಕರವನ್ನು ಇನ್ನೂ ಉದ್ದಕ್ಕೆ ಎಳೆಯಬಲ್ಲವು. ಒಳಗೆ ದ್ರವ ಹೋಗಿಯೇ ಇರಲಿಲ್ಲ, ನಾನು ಪರೀಕ್ಷಿಸಿದ್ದು ಚಿಪ್ಪಿನ ಬಾಗಿಲು ಎಷ್ಟು ಬಿಗಿ ಅನ್ನುವುದನ್ನು.

5. ಬೆರೆಸುವುದರಲ್ಲೇ ಅರ್ಧ ಪರೀಕ್ಷೆ ಇದೆ

ಶುರುವಿನಲ್ಲಿ ನಾನು ಮಾಡಿದ್ದು ಇಷ್ಟು: ತೊಟ್ಟಿಗೆ ಡೀಸೆಲ್ ಸುರಿ, ಅದರ ಮೇಲೆ ದ್ರವ ಸುರಿ, ಕೋಲಿನಲ್ಲಿ ಕಲಕು, ಮೀನು ಬಿಡು. ಮೀನುಗಳು ಮೇಲೆ ಬಂದು ಎಣ್ಣೆಯ ಪದರಕ್ಕೆ ಬಾಯಿ ಹಾಕಿ ಸತ್ತವು. ಎಣ್ಣೆಯಿಂದಲೋ, ದ್ರವದಿಂದಲೋ, ಉಸಿರು ಕಟ್ಟಿಯೋ, ದೇವರೇ ಬಲ್ಲ. ತಿಳಿದವರು ಮಾಡುವ ರೀತಿ ಬೇರೆ. ಮುಚ್ಚಿದ ಗಾಜಿನ ಬಾಟಲಿಯಲ್ಲಿ ನೀರಿನ ಮೇಲೆ ಎಣ್ಣೆ ಬಿಟ್ಟು, ಅಯಸ್ಕಾಂತದ ಕಡ್ಡಿಯಿಂದ ಒಂದು ದಿನದಷ್ಟು ಹೊತ್ತು ಮೆಲ್ಲಗೆ ತಿರುಗಿಸಿ, ತಿಳಿಯಾಗಲು ಬಿಟ್ಟು, ಬುಡದ ನಲ್ಲಿಯಿಂದ ನೀರು ಮಾತ್ರ ತೆಗೆಯುವುದು. ಎಣ್ಣೆಯಿಂದ ನೀರು ಹೀರಿಕೊಂಡ ಭಾಗ ಅದು. ದ್ರವ ಸೇರಿಸಿ ಮಾಡುವಾಗ ತಿರುವು ಜೋರಾಗಿರಬೇಕು, ಸುಳಿ ಬೀಳಬೇಕು. ತೊಂಬತ್ತರ ದಶಕದಲ್ಲಿ ಅಮೆರಿಕದ ಹಲವು ಲ್ಯಾಬ್‌ಗಳು ಸೇರಿ ಕ್ರೋಸರ್ಫ್ ಅನ್ನುವ ಹೆಸರಿನಲ್ಲಿ ಈ ವಿಧಾನಗಳನ್ನು ಒಂದು ಹದಕ್ಕೆ ತಂದರು. ಅದಕ್ಕೆ ಮುಂಚೆ ಅವರಲ್ಲೂ ನನ್ನ ಕೋಲಿನ ಬಂಧುಗಳೇ ಓಡಾಡುತ್ತಿದ್ದಿರಬೇಕು ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.

ಚಳಿಯಲ್ಲಿ ಇನ್ನೊಂದು ತಾಪತ್ರಯ. ಫ್ರಿಜ್ಜಿನಲ್ಲಿಟ್ಟ ದ್ರವ ಮಾಘ ಮಾಸದ ಕೊಬ್ಬರಿ ಎಣ್ಣೆಯ ಹಾಗೆ ದಪ್ಪಗಾಗಿ ಪಿಪೆಟ್ಟಿನಿಂದ ಇಳಿಯಲೇ ಇಲ್ಲ. ಇಳಿದದ್ದೆಷ್ಟು, ಗಾಜಿಗೆ ಅಂಟಿದ್ದೆಷ್ಟು ಗೊತ್ತಾಗದೆ ಆಮೇಲೆ ತೂಕ ಮಾಡಿ ಹಾಕಲು ಕಲಿತೆ. ಎಣ್ಣೆಯೂ ತಣ್ಣಗೆ ಗಟ್ಟಿಯಾದರೆ ಹನಿಹನಿಯಾಗಿ ಒಡೆಯುವುದಿಲ್ಲ. ತಣ್ಣನೆಯ ಕಡಲಿನಲ್ಲಿ ಡಿಸ್ಪರ್ಸೆಂಟ್ ಹಾಕಬೇಕೋ ಬೇಡವೋ ಅನ್ನುವ ವಾದದ ಅರ್ಧಭಾಗ ಇಲ್ಲೇ ಇದೆ. ಕೆಲಸವನ್ನೇ ಮಾಡದಿದ್ದರೆ ಅದರ ವಿಷವನ್ನು ಯಾವ ಪುರುಷಾರ್ಥಕ್ಕೆ ಸಹಿಸಬೇಕು?

6. ಹಾಕಿದ್ದಷ್ಟೇ ಅಲ್ಲ, ಕರಗಿದ್ದೆಷ್ಟು ನೋಡಿ

ಒಂದು ವಿಚಾರಸಂಕಿರಣದಲ್ಲಿ ನಾನು ಗ್ರಾಫ್ ತೋರಿಸಿ ಘನವಾಗಿ ಹೇಳಿದೆ: ಡೀಸೆಲ್ ಒಂದೇ ಇದ್ದಾಗ ಇಷ್ಟು ವಿಷ, ಈ ದ್ರವ ಸೇರಿದರೆ ಅದರ ಎಷ್ಟೋ ಪಟ್ಟು. ಸಭೆ ತಲೆದೂಗಿತು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ಎದ್ದು, 'ಬಾಳಾ, ಮೀನು ಇದ್ದ ನೀರಿನಲ್ಲಿ ಎಣ್ಣೆ ಎಷ್ಟಿತ್ತು ಅಳೆದೆಯಾ?' ಅಂದರು. ನಾನು ತೊಟ್ಟಿಗೆ ಹಾಕಿದ್ದೆಷ್ಟು ಅಂತ ಹೇಳಿದೆ. 'ಅದಲ್ಲ, ನೀರಿನಲ್ಲಿ ಎಷ್ಟಿತ್ತು?' ನಾನು ನೀರು ಕುಡಿದೆ.

ಡೀಸೆಲ್ ಒಂದನ್ನೇ ಹಾಕಿದರೆ ಬಹುಪಾಲು ಮೇಲೆ ತೇಲುತ್ತದೆ, ಮೀನಿಗೆ ತಾಗುವುದು ಕರಗಿದ ಸ್ವಲ್ಪ. ದ್ರವ ಸೇರಿಸಿದರೆ ತೇಲುತ್ತಿದ್ದದ್ದೆಲ್ಲ ಕೆಳಗಿಳಿಯುತ್ತದೆ. ಹಾಕಿದ ಪ್ರಮಾಣ ಒಂದೇ, ಮೀನಿಗೆ ಸಿಕ್ಕ ಪ್ರಮಾಣ ಬೇರೆಯೇ. ಈ ಗುಂಡಿಗೆ ದೊಡ್ಡವರೂ ಬಿದ್ದಿದ್ದಾರೆ. ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತದ ಎಣ್ಣೆಗೆ ಕೋರೆಕ್ಸಿಟ್ 9500 ಎಂಬ ಡಿಸ್ಪರ್ಸೆಂಟ್ ಬೆರೆಸಿದರೆ ರೋಟಿಫರ್ ಎಂಬ ಸೂಕ್ಷ್ಮಜೀವಿಗೆ ವಿಷ 52 ಪಟ್ಟು ಹೆಚ್ಚುತ್ತದೆ ಅನ್ನುವ ಪ್ರಬಂಧ 2013ರಲ್ಲಿ ಬಂದು ಪತ್ರಿಕೆಗಳ ತುಂಬ ಹರಡಿತು. ನೀರಿನಲ್ಲಿ ನಿಜಕ್ಕೂ ಎಷ್ಟು ಎಣ್ಣೆ ಇತ್ತೆಂದು ಅಳೆಯದೆ ಹಾಕಿದ ಪ್ರಮಾಣದ ಮೇಲೆ ಲೆಕ್ಕ ಕಟ್ಟಿದ್ದಾರೆ ಎಂಬ ಆಕ್ಷೇಪ ಅದೇ ವರ್ಷ ಬಂತು. ಆ ಆಕ್ಷೇಪ 52 ಪಟ್ಟಿನಷ್ಟು ಹರಡಲಿಲ್ಲ.

ನನ್ನ ಮಾದರಿಗಳನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇರುವ ಬೇರೆ ಲ್ಯಾಬಿಗೆ ಕಳಿಸಿ ಅಳೆಸಿದಾಗ ನನ್ನ 'ಎಷ್ಟೋ ಪಟ್ಟು' ಬಹಳ ಸೊರಗಿತು. ನಾಚಿಕೆಯಾಯಿತು ನಿಜ. ಆದರೂ ಒಂದು ತಕರಾರು ನನ್ನಲ್ಲಿ ಉಳಿದಿದೆ. ಮಿಲಿಗ್ರಾಂಗೆ ಮಿಲಿಗ್ರಾಂ ಹೋಲಿಸಿದರೆ ವಿಷ ಹೆಚ್ಚಾಗಿಲ್ಲ ಅನ್ನುವುದು ರಸಾಯನಶಾಸ್ತ್ರದ ಪ್ರಶ್ನೆಗೆ ಸರಿ ಉತ್ತರ. ನೀರೊಳಗಿನ ಮೀನಿಗೆ ಮೊದಲಿಗಿಂತ ಹೆಚ್ಚು ಎಣ್ಣೆ ತಾಗಿತೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಹೌದು. ಮಾರುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ, ವಿರೋಧಿಸುವವರು ಎರಡನೆಯದನ್ನು ಮಾತ್ರ. ವರದಿಯಲ್ಲಿ ಈಗ ನಾನು ಎರಡನ್ನೂ ಬರೆಯುತ್ತೇನೆ, ಇಬ್ಬರಿಗೂ ಬೇಸರವಾಗುತ್ತದೆ.

7. ನೊರೆ ಬಂದರೆ ಗಾಳಿ ಊದಬೇಡಿ

ಮೀನಿಗೆ ಉಸಿರು ಸಾಲದೆಂದು ಗಾಳಿಯ ಕಲ್ಲು ಬಿಟ್ಟೆ. ಮರುದಿನ ತೊಟ್ಟಿಯ ಮೇಲೆ ಗೇಣುದ್ದ ನೊರೆ, ನೆಲದ ಮೇಲೂ ನೊರೆ. ದ್ರವದ ಬಹುಭಾಗ ನೊರೆಯೇರಿ ಹೊರಬಂದಿತ್ತು, ಮೀನು ತಿಳಿನೀರಿನಲ್ಲಿ ಸುಖವಾಗಿತ್ತು. ನಾನು ವಹಿಯಲ್ಲಿ 'ವಿಷ ಕಡಿಮೆ' ಎಂದು ಬರೆದಿದ್ದೆ. ಈಗ ತೊಟ್ಟಿಗೆ ಮೀನು ಕಡಿಮೆ ಹಾಕಿ, ದಿನವೂ ನೀರು ಬದಲಿಸಿ, ಆಮ್ಲಜನಕ ಅಳೆಯುತ್ತೇನೆ.

8. ಗೊತ್ತಿರುವ ವಿಷವೊಂದನ್ನು ಜೊತೆಗಿಡಿ

ಪ್ರತಿ ತಂಡದ ಮೀನಿನ ಮೇಲೂ ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಪರಿಚಿತ ಮಾರ್ಜಕವನ್ನು ಪರೀಕ್ಷಿಸಿ ನೋಡಿ. ಅದರ ಉತ್ತರ ಹಿಂದಿನದಕ್ಕಿಂತ ದೂರ ಹೋದರೆ ಮೀನಿನಲ್ಲೋ ನೀರಿನಲ್ಲೋ ನಿಮ್ಮಲ್ಲೋ ಏನೋ ಐಬಿದೆ. ಖರ್ಚು ದಂಡ ಅಂತ ನಾನು ಇದನ್ನು ವರ್ಷಗಟ್ಟಲೆ ಬಿಟ್ಟಿದ್ದೆ. ಆ ವರ್ಷಗಳ ಅಂಕಿಗಳನ್ನು ಈಗ ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ.

9. ಐಸ್‌ಕ್ರೀಮಿನ ವಾದಕ್ಕೆ ಮರುಳಾಗಬೇಡಿ

'ಇದರಲ್ಲಿರುವ ಪದಾರ್ಥ ಐಸ್‌ಕ್ರೀಮಿನಲ್ಲೂ ಇದೆ ಮ್ಯಾಡಂ' ಅನ್ನುವುದು ಮಾರಾಟದವರ ಪ್ರಿಯವಾದ ಮಾತು. ಸುಳ್ಳಲ್ಲ. ಕೋರೆಕ್ಸಿಟ್ 9500ರಲ್ಲಿರುವ ಟ್ವೀನ್ 80 ಐಸ್‌ಕ್ರೀಮಿಗೂ ಹಾಕುವ ವಸ್ತು, ಅದೇ ಕೋರೆಕ್ಸಿಟ್ಟಿನಲ್ಲಿರುವ ಡಾಕ್ಯುಸೇಟ್ ಮಲಬದ್ಧತೆಗೆ ಡಾಕ್ಟರು ಬರೆಯುವ ಮಾತ್ರೆ. ನಾನೂ ಒಂದು ಭಾಷಣದಲ್ಲಿ ಈ ಮಾತನ್ನು ಚಮತ್ಕಾರವೆಂಬಂತೆ ಹೇಳಿ ಚಪ್ಪಾಳೆ ತಗೊಂಡಿದ್ದೆ. ನಮ್ಮ ಹೊಟ್ಟೆಗೆ ಹೋದದ್ದಕ್ಕೆ ಯಕೃತ್ತು, ಕರುಳು, ಲೋಳೆಪದರ ಎಂಬ ಸೈನ್ಯವೇ ಇದೆ. ಮೀನಿನ ರಕ್ತಕ್ಕೂ ನೀರಿಗೂ ನಡುವೆ ಇರುವುದು ಕಿವಿರಿನ ತೆಳುಪೊರೆ ಒಂದೇ, ಸೋಪಿನಂಥ ಅಣುಗಳಿಗೆ ಪೊರೆ ಅಂದರೆ ಪ್ರೀತಿ. ಪರೀಕ್ಷೆಯ ತೊಟ್ಟಿಯಲ್ಲಿ ಸಾಯುವ ಮುಂಚೆ ಗೆಂಡೆ ಲೋಳೆ ಸುರಿಸುತ್ತದೆ, ಎಳೆಎಳೆಯಾಗಿ ಕಿವಿರಿನಿಂದ ಇಳಿದು ತಳದಲ್ಲಿ ಕೂರುತ್ತದೆ. ಅದನ್ನು ನೋಡಿದ ಮೇಲೆ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ.

10. ಸಮುದ್ರದ ಅನುಮತಿ ನದಿಗೆ ನಡೆಯುವುದಿಲ್ಲ

ನಮ್ಮ ದೇಶದಲ್ಲಿ ಸಮುದ್ರದ ಎಣ್ಣೆ ಸೋರಿಕೆ ಕರಾವಳಿ ರಕ್ಷಣಾ ಪಡೆಯ ಜವಾಬ್ದಾರಿ. ಡಿಸ್ಪರ್ಸೆಂಟ್‌ಗಳನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಪರೀಕ್ಷಿಸಿ ಅನುಮತಿ ಕೊಡುವ ಪದ್ಧತಿಯಿದೆ. 2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಹೊರಗೆ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ ಹಡಗುಗಳು ಡಿಕ್ಕಿಯಾದಾಗ ಇಂಥ ದ್ರವ ಸಿಂಪಡಿಸಿದ್ದರು. ಇದೆಲ್ಲದರ ಹಿಂದಿನ ಲೆಕ್ಕಾಚಾರ ಒಂದೇ: ಆಳ ಇದೆ, ಅಲೆ ಇದೆ, ಚೆದುರಿದ್ದು ಬೇಗ ತೆಳುವಾಗುತ್ತದೆ. ಆಳ ಕಡಿಮೆ ಇರುವ ಕಡಲಂಚಿಗೇ ಹಾಕಲು ಹಿಂಜರಿಯುತ್ತಾರೆ. ಮೊಣಕಾಲುದ್ದದ ಹಳ್ಳಕ್ಕೆ ಆ ಕಾಗದ ಹಿಡಿದುಕೊಂಡು ಬಂದರೆ?

1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಟಾರಿ ಕ್ಯಾನಿಯನ್ ಹಡಗು ಒಡೆದಾಗ ಸುಮಾರು 10,000 ಟನ್ ಡಿಟರ್ಜೆಂಟ್ ಸುರಿದರು. ದಡದ ಬಂಡೆಗಳ ಜೀವಿಗಳು ಎಣ್ಣೆಗಿಂತ ಹೆಚ್ಚಾಗಿ ಆ ಡಿಟರ್ಜೆಂಟಿಗೇ ಸತ್ತವೆಂದು ಆಮೇಲೆ ತಿಳಿಯಿತು. ಈಗಿನ ದ್ರವಗಳು ಅದಕ್ಕಿಂತ ಎಷ್ಟೋ ಸೌಮ್ಯ, ಅದನ್ನು ಒಪ್ಪಲೇಬೇಕು. ಆದರೆ ಸಮುದ್ರದಲ್ಲೂ ತಣ್ಣೀರಿನ ಪ್ರಶ್ನೆ ಉಳಿಯುತ್ತದೆ. ಅದು ಧ್ರುವಗಳಿಗೆ ಮಾತ್ರ ಸೇರಿದ್ದೆಂದು ನಾನೂ ಅಂದುಕೊಂಡಿದ್ದೆ. ಬಿಸಿ ಮೆಕ್ಸಿಕೊ ಕೊಲ್ಲಿಯಲ್ಲೇ 2010ರ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ ಬಳಸಿದ ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟಿನಲ್ಲಿ 29 ಲಕ್ಷದಷ್ಟನ್ನು 1500 ಮೀಟರ್ ಆಳದಲ್ಲಿ, ಬಾವಿಯ ಬಾಯಿಗೇ ಬಿಟ್ಟರು. ಅಲ್ಲಿನ ನೀರು ನಾಲ್ಕೈದು ಡಿಗ್ರಿ. ಮೇಲಿನ ಬೆಚ್ಚನೆ ನೀರಿನ ಸೀಗಡಿಯ ಪರೀಕ್ಷೆ ಕೆಳಗಿನ ಪ್ರಾಣಿಗಳ ಬಗ್ಗೆ ಏನು ಹೇಳಬಲ್ಲದು?

ನಮ್ಮಲ್ಲಿ ನದಿಗೆ ಬಿಡುವ ಕಾರ್ಖಾನೆ ನೀರಿಗೆ ಒಂದು ಮಾನದಂಡವಿದೆ: ಆ ನೀರಿನಲ್ಲೇ 96 ಗಂಟೆ ಇಟ್ಟರೆ ನೂರಕ್ಕೆ ತೊಂಬತ್ತು ಮೀನು ಬದುಕಬೇಕು, ಎಣ್ಣೆ ಮತ್ತು ಗ್ರೀಸು ಲೀಟರಿಗೆ 10 ಮಿಲಿಗ್ರಾಂ ದಾಟಬಾರದು. ಒಳ್ಳೆಯ ನಿಯಮವೇ. ಆದರೆ ಚಳಿಗಾಲದಲ್ಲಿ ಪಾಸಾದ ನೀರು ಬೇಸಿಗೆಯಲ್ಲಿ ಫೇಲಾಗಬಹುದು, ಶುಕ್ರವಾರ ಪಾಸಾದದ್ದು ಭಾನುವಾರ ಫೇಲಾಗಬಹುದು. ನಾಶಿಕ್‌ನ ಕೆಳಗೆ ಗೋದಾವರಿಯಲ್ಲಿ, ನಿಫಾಡ್ ತಾಲೂಕಿನಲ್ಲೇ, ನಾಂದೂರ್ ಮಧ್ಯಮೇಶ್ವರದ ಜೌಗು ಇದೆ. 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್‌ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು, ಆದದ್ದು ಅದು. ಚಳಿಗಾಲದಲ್ಲಿ ಅಲ್ಲಿಗೆ ವಲಸೆ ಹಕ್ಕಿಗಳು ಇಳಿಯುತ್ತವೆ, ಟ್ಯಾಂಕರುಗಳೂ ಚಳಿಗಾಲವೆಂದು ರಜೆ ಹಾಕುವುದಿಲ್ಲ.

ರಸ್ತೆಯಲ್ಲಿ ಡೀಸೆಲ್ ಚೆಲ್ಲಿದರೆ ಏನು ಮಾಡಬೇಕು ಅಂತ ಕೇಳಿದವರಿಗೆ ನಾನು ಹೇಳುವುದು ಬಹಳ ಸಪ್ಪೆ: ಬೆಂಕಿಯ ಕೆಲಸ ಅಗ್ನಿಶಾಮಕದವರಿಗೆ ಬಿಡಿ, ಅವರು ನೊರೆ ಹಾಕಲೇಬೇಕಾಗಬಹುದು. ಮಣ್ಣಿನ ಒಡ್ಡು ಹಾಕಿ ಚರಂಡಿ ಮುಚ್ಚಿ. ಮರಳು, ಮರದ ಹೊಟ್ಟು ಸುರಿದು ಹೀರಿಸಿ, ಬಾಚಿ ತುಂಬಿಕೊಂಡು ಹೋಗಿ. ತೊಳೆಯಬೇಡಿ. ಈ ಸಲಹೆಯಲ್ಲಿ ಮಾರಲು ಏನೂ ಇಲ್ಲದ್ದರಿಂದ ಯಾರೂ ಇದರ ಜಾಹೀರಾತು ಮಾಡುವುದಿಲ್ಲ.

11. ಮೀನಿನ ಲೆಕ್ಕವನ್ನೂ ಇಡಿ

ಬೀದರಿನ ನಮ್ಮವ್ವ ಒಮ್ಮೆ ಫೋನಿನಲ್ಲಿ ಕೇಳಿದಳು, 'ಮೀನ ಸಾಯಸಾಕ ಪಗಾರ ಕೊಡ್ತಾರೇನವಾ ನಿನಗ?' ನಾನು ನದಿ, ಪರಿಸರ ಅಂತ ಏನೇನೋ ಒದರಿದೆ. ಅವ್ವ ಹೂಂಗುಟ್ಟಿ ಅಡುಗೆಗೆ ಎದ್ದುಹೋದಳು. ನೀರು ಸರಿಯಿಲ್ಲದೆ, ಚಳಿ ತಾಳದೆ, ನೊರೆ ತಿಳಿಯದೆ ನಾನು ಕೊಂದ ಮೀನುಗಳಿಂದ ಒಂದು ಉಪಯುಕ್ತ ಅಂಕಿಯೂ ಹುಟ್ಟಲಿಲ್ಲ. ಈಗ ಮೊದಲು ಎರಡು ಮೂರು ಮೀನು ಹಾಕಿ ಪ್ರಮಾಣದ ಅಂದಾಜು ಹಿಡಿದು, ಆಮೇಲೆ ದೊಡ್ಡ ಪರೀಕ್ಷೆಗೆ ಕೈಹಾಕುತ್ತೇನೆ. ಜೀಬ್ರಾ ಮೀನಿನ ಭ್ರೂಣಗಳ ಮೇಲೆ ಮಾಡುವ ಒಇಸಿಡಿ 236 ವಿಧಾನ 2013ರಿಂದ ಇದೆ, ದೊಡ್ಡ ಮೀನು ಉಳಿಯುತ್ತದೆ. ಆದರೆ ಆ ಮೊಟ್ಟೆಗಳಿಗೆ 26 ಡಿಗ್ರಿಯ ಬೆಚ್ಚಗೆ ಬೇಕು, ನನ್ನ ಡಿಸೆಂಬರ್ ಪ್ರಶ್ನೆಗೆ ಅವು ಉತ್ತರ ಕೊಡಲಾರವು.

12. ಬಿಲ್ಲಿನಲ್ಲೇ ಚಳಿಯನ್ನು ಬರೆಯಿರಿ

ತಣ್ಣೀರಿನ ಪರೀಕ್ಷೆಗೆ ಎರಡು ವಾರ ಬೇಕು, ಕೂಲರ್ ಹಗಲೂ ರಾತ್ರಿ ಓಡಬೇಕು, ಕರೆಂಟ್ ಹೋದರೆ ಐಸ್ ತುಂಬಿದ ಬಾಟಲಿಗಳನ್ನು ತೊಟ್ಟಿಗಿಳಿಸಲು ಮಾಮಾ ಅಲ್ಲೇ ಮಲಗಬೇಕು. ಇಷ್ಟೆಲ್ಲ ವಿವರಿಸಿ ದರ ಹೇಳಿದಾಗ ಒಬ್ಬರು ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದರೆ ಏಪ್ರಿಲ್‌ನಲ್ಲೇ ಮಾಡಿಬಿಡಿ ಮ್ಯಾಡಂ, ನಾಲ್ಕು ದಿನದಲ್ಲಿ ಮುಗಿಯುತ್ತದಲ್ಲ' ಅಂದರು. ಏಪ್ರಿಲ್‌ನಲ್ಲಿ ಮೀನು ಬೇಗ ಸಾಯುತ್ತದೆ, ನಿಮ್ಮ ದ್ರವ ಫೇಲಾಗುವ ಸಾಧ್ಯತೆಯೇ ಹೆಚ್ಚು ಅಂದೆ. 'ಅಯ್ಯೋ, ಹಾಗಾದರೆ ಡಿಸೆಂಬರ್‌ನಲ್ಲಿ, ಆದರೆ ನಾಲ್ಕೇ ದಿನ' ಅಂದರು. ಹೋದ ವರ್ಷದಿಂದ ಕೊಟೇಶನ್‌ನಲ್ಲಿ ಎರಡು ಸಾಲು ಬೇರೆಬೇರೆ ಇಟ್ಟಿದ್ದೇನೆ: ನಾಲ್ಕು ದಿನ, ಇಷ್ಟು ದರ, ವರದಿಯಲ್ಲಿ ನೀರಿನ ಉಷ್ಣಾಂಶ ದಪ್ಪ ಅಕ್ಷರದಲ್ಲಿ; ಹದಿನಾಲ್ಕು ದಿನ, ಅಷ್ಟು ದರ. ಮೊದಲ ಸಾಲಿಗೆ ಟಿಕ್ ಹಾಕಿದವರೂ ಉಷ್ಣಾಂಶವನ್ನು ಸಣ್ಣ ಅಕ್ಷರದಲ್ಲಿ ಹಾಕಲು ಆಗುತ್ತದೆಯೇ ಎಂದು ಕೇಳುತ್ತಾರೆ. ಆಗುವುದಿಲ್ಲ ಅನ್ನುತ್ತೇನೆ. ಕೆಲವರು ಬೇರೆ ಲ್ಯಾಬಿಗೆ ಹೋಗುತ್ತಾರೆ.